35 ದಿನದ ಲೆಕ್ಕ

"ಇಂಗ್ಲಿಷ್ ಲೇಖಕ ಫ್ರೆಡರಿಕ್ ಫೋರ್ಸೈತ್ 'ದಿ ಡೇ ಆಫ್ ದ ಜ್ಯಾಕಲ್' ಕಾದಂಬರಿಯನ್ನು 35 ದಿನದಲ್ಲಿ ಬರೆದು ಮುಗಿಸಿದರಂತೆ. ನನ್ನ ಥ್ರಿಲ್ಲರ್ ಮೂರು ವರ್ಷವಾದರೂ ಹನ್ನೊಂದನೇ ಅಧ್ಯಾಯ ದಾಟಿಲ್ಲ. ಅದಿರಲಿ, ಕಥೆಯಲ್ಲಿ ಹಂತಕ ಗುರಿಯಿಟ್ಟ ಫ್ರಾನ್ಸ್ ಅಧ್ಯಕ್ಷ ದ ಗಾಲ್ ನಿಜದಲ್ಲಿ ಕೊಲೆಯಾಗಲಿಲ್ಲ ಎಂದು ಗೊತ್ತಿದ್ದೂ ಆ ಪುಸ್ತಕ ಕೆಳಗಿಡಲು ಆಗುವುದಿಲ್ಲವಲ್ಲ, ಹೇಗೆ?" — ಓದುಗರೊಬ್ಬರು

35 ದಿನ ನಿಜವೇ. ಆದರೆ ಅದು ಟೈಪ್‌ರೈಟರ್ ಮುಂದೆ ಕೂತ ದಿನಗಳ ಲೆಕ್ಕ. 1970ರ ಆರಂಭದಲ್ಲಿ, ನೈಜೀರಿಯಾದ ಬಯಾಫ್ರಾ ಯುದ್ಧದ ವರದಿಗಾರಿಕೆಯಿಂದ ಬರಿಗೈಯಲ್ಲಿ ಮರಳಿದ್ದಾಗ ಬರೆದದ್ದು. ಸರಕು ಮಾತ್ರ ಎಂಟು ವರ್ಷ ಹಳೆಯದು. ರಾಯಿಟರ್ಸ್ ಸುದ್ದಿಸಂಸ್ಥೆಗಾಗಿ ಪ್ಯಾರಿಸ್ಸಿನಲ್ಲಿದ್ದಾಗ ದ ಗಾಲ್ ಹೋದಲ್ಲೆಲ್ಲ ಹಿಂದೆ ಹೋಗುವುದು ಅವರ ಕೆಲಸದ ಭಾಗವಾಗಿತ್ತು. 1962ರ ಆಗಸ್ಟ್ 22ರಂದು ಪ್ಯಾರಿಸ್ ಹೊರವಲಯದ ಪೆತಿ ಕ್ಲಾಮಾರ್‌ನಲ್ಲಿ ಅಧ್ಯಕ್ಷರ ಕಾರಿನ ಮೇಲೆ ಗುಂಡಿನ ಮಳೆಯೇ ಸುರಿಯಿತು, ಅವರು ಬಚಾವಾದರು. ಕಾದಂಬರಿ ಶುರುವಾಗುವುದೇ ಆ ದಾಳಿಯ ರೂವಾರಿಯ ಮರಣದಂಡನೆಯಿಂದ. ದಾಳಿಕೋರರ ಸಂಘಟನೆಯೊಳಗೆ ಪೊಲೀಸರ ಮಾಹಿತಿದಾರರು ಸೇರಿಕೊಂಡಿದ್ದರು. ಹಾಗಾದರೆ ಯಾರ ಕಡತದಲ್ಲೂ ಇಲ್ಲದ ಹೊರಗಿನ ಹಂತಕನನ್ನು ಕರೆಸಿದರೆ? ಇಡೀ ಕಥೆ ಮೊಳೆತದ್ದು ಇಲ್ಲಿ.

ನಿಮ್ಮ ಎರಡನೇ ಪ್ರಶ್ನೆ ಪ್ರಕಾಶಕರದ್ದೂ ಆಗಿತ್ತು. ಹಸ್ತಪ್ರತಿ ನಾಲ್ಕು ಕಡೆಯಿಂದ ವಾಪಸ್ ಬಂತು. ಕೊನೆಗೆ ಹಚಿನ್‌ಸನ್‌ನವರು ಒಪ್ಪಿ, 1971ರಲ್ಲಿ ಮೊದಲಿಗೆ 8,000 ಪ್ರತಿ ಅಚ್ಚು ಹಾಕಿದರು. (ಸಿನಿಮಾ ಹಕ್ಕನ್ನು ಫೋರ್ಸೈತ್ 20,000 ಪೌಂಡಿಗೆ ಇಡಿಗಂಟಾಗಿ ಮಾರಿಬಿಟ್ಟರು. ನಿಮಗೂ ಅಂಥ ಫೋನ್ ಬಂದರೆ ಲಾಭದಲ್ಲಿ ಪಾಲು ಕೇಳಿ.)

ಕುತೂಹಲ ಇರುವುದು ಹಂತಕನ ತಯಾರಿಯಲ್ಲಿ. ಎಳೆವಯಸ್ಸಿನಲ್ಲೇ ತೀರಿಕೊಂಡ ಮಗುವೊಂದರ ಹೆಸರನ್ನು ಸಮಾಧಿಕಲ್ಲಿನಿಂದ ಎತ್ತಿಕೊಳ್ಳುತ್ತಾನೆ, ಆ ಹೆಸರಲ್ಲಿ ಜನನ ಪ್ರಮಾಣಪತ್ರ, ಅದರಿಂದ ಪಾಸ್‌ಪೋರ್ಟ್. ಬಂದೂಕು ಬಿಡಿಬಿಡಿಯಾಗಿ ಉಕ್ಕಿನ ಕೊಳವೆಗಳೊಳಗೆ ಸೇರಿ ಊರುಗೋಲಾಗುತ್ತದೆ. ಇಷ್ಟು ಅಚ್ಚುಕಟ್ಟು ಕಂಡಾಗ ಇದು ಎಲ್ಲಿ ಕೆಡುತ್ತದೆ ಎಂದು ಓದುಗ ತಾನಾಗಿ ಕಾಯತೊಡಗುತ್ತಾನೆ. ಎರಡನೇ ಭಾಗಕ್ಕೆ ಪತ್ತೇದಾರ ಲೆಬೆಲ್ ಬರುತ್ತಾರೆ. ಅವರು ತಲುಪುವಷ್ಟರಲ್ಲಿ ಹಕ್ಕಿ ಹಾರಿರುತ್ತದೆ, ಆದರೆ ಗೂಡು ಇನ್ನೂ ಬೆಚ್ಚಗಿರುತ್ತದೆ.

ನಿಮ್ಮ ಹನ್ನೊಂದನೇ ಅಧ್ಯಾಯಕ್ಕೂ ಈ ಲೆಬೆಲ್‌ರೇ ಬೇಕಿರಬಹುದು. ನಡುದಾರಿಯಲ್ಲಿ ನಿಂತ ಥ್ರಿಲ್ಲರ್‌ಗಳಲ್ಲಿ ಬಹುಪಾಲು, ಬೆನ್ನಟ್ಟುವವನಿಗೆ ಏನು ಯಾವಾಗ ತಿಳಿಯಿತು ಎಂಬುದನ್ನು ಲೇಖಕರೇ ನಿರ್ಧರಿಸಿರುವುದಿಲ್ಲ. ಕೊನೆಗೆ ಕಾಕತಾಳೀಯದ ಕೈಹಿಡಿಯುತ್ತಾರೆ. ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆಯಿರಿ: ಎಡಕ್ಕೆ ಅಪರಾಧಿ, ಬಲಕ್ಕೆ ಪೊಲೀಸರು. ಪ್ರತಿ ಸಾಲಿಗೂ ತಾರೀಖು, ಗಂಟೆ ಹಾಕಿ. ಎಡಗಡೆ ಬಿಟ್ಟುಹೋದ ಒಂದೊಂದು ಸುಳಿವೂ ಬಲಗಡೆ ಎಷ್ಟು ಹೊತ್ತಿಗೆ ಮುಟ್ಟಿತು ಎಂದು ಗೆರೆ ಎಳೆದು ನೋಡಿ. ಆ ಅಂತರ ಮೊದಲು ದಿನಗಳಲ್ಲಿದ್ದು, ಬರಬರುತ್ತ ಗಂಟೆಗಳಿಗೆ ಇಳಿಯಬೇಕು. ಬಲಗಡೆ ಸತತ ಮೂರು ಅಧ್ಯಾಯ ಖಾಲಿ ಕಂಡರೆ, ಹನ್ನೊಂದನ್ನು ಸದ್ಯಕ್ಕೆ ಬಿಟ್ಟು ಆ ಮೂರನ್ನು ಮೊದಲು ಬಿಚ್ಚಿ.