ಆ ನಾಲ್ಕು ಪುಟಗಳನ್ನು ಇನ್ನೊಮ್ಮೆ ಓದಿ

ಶಿವಮೊಗ್ಗದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರ ಪತ್ರದ ಸಾರ ಇದು: ಜರ್ನಲ್ ಒಂದಕ್ಕೆ ಕಳಿಸಿದ ಪೇಪರ್ ಎಂಟು ತಿಂಗಳ ಬಳಿಕ ‘ಮೇಜರ್ ರಿವಿಷನ್’ (ದೊಡ್ಡ ತಿದ್ದುಪಡಿ ಬೇಕು) ಎಂದು ವಾಪಸ್ ಬಂದಿದೆ. ಪ್ರಕಟಣೆಗೆ ಮೊದಲು ಪೇಪರ್ ಪರಿಶೀಲಿಸುವ ತಜ್ಞರಲ್ಲಿ, ಅಂದರೆ ರಿವ್ಯೂವರ್‌ಗಳಲ್ಲಿ, ಒಬ್ಬರು ಎರಡೇ ಸಾಲಿನಲ್ಲಿ ಒಪ್ಪಿದ್ದಾರೆ, ಇನ್ನೊಬ್ಬರು ನಾಲ್ಕು ಪುಟ ಆಕ್ಷೇಪ ಬರೆದಿದ್ದಾರೆ. ಅಷ್ಟರಲ್ಲಿ, ದುಡ್ಡು ಕಟ್ಟಿದರೆ ವಾರದೊಳಗೆ ಪ್ರಕಟಿಸುತ್ತೇವೆಂದು ಇನ್ನೊಂದು ಜರ್ನಲ್‌ನಿಂದ ಇಮೇಲ್ ಬಂದಿದೆ. “ಹೆಸರು ಹೇಳದೆ ಹೀಗೆ ಬರೆಯುವವರ ಮಾತನ್ನು ನಾನೇಕೆ ಕೇಳಬೇಕು?” ಎನ್ನುವುದು ಅವರ ಪ್ರಶ್ನೆ.

ಪ್ರಿಯ ಓದುಗರೇ,

ಇದೇ ಸಿಟ್ಟು ಐನ್‌ಸ್ಟೈನ್ ಅವರಿಗೂ ಬಂದಿತ್ತು. 1936ರಲ್ಲಿ ಅವರೂ ನೇಥನ್ ರೋಸನ್ ಅವರೂ ಅಮೆರಿಕದ ಭೌತವಿಜ್ಞಾನ ಜರ್ನಲ್ ‘ಫಿಸಿಕಲ್ ರಿವ್ಯೂ’ಗೆ ಒಂದು ಪೇಪರ್ ಕಳಿಸಿದರು. ಗುರುತ್ವ ಅಲೆಗಳು (ಭಾರಿ ಕಾಯಗಳ ಚಲನೆಯಿಂದ ದೇಶ-ಕಾಲದಲ್ಲಿ ಏಳುವ ಅಲೆಗಳು) ಇಲ್ಲ ಎನ್ನುವುದು ಅದರ ತೀರ್ಮಾನ. ಸಂಪಾದಕ ಜಾನ್ ಟೇಟ್ ಅದನ್ನು ತಜ್ಞರೊಬ್ಬರಿಗೆ ಕೊಟ್ಟರು. ಅವರು ಸುಮಾರು ಹತ್ತು ಪುಟ ತಕರಾರು ಬರೆದರು. ಅಚ್ಚಾಗುವ ಮೊದಲೇ ಬೇರೆಯವರಿಗೆ ತೋರಿಸಲು ನಾವು ಹೇಳಿರಲಿಲ್ಲ ಎಂದು ಐನ್‌ಸ್ಟೈನ್ ಪೇಪರನ್ನೇ ಹಿಂದಕ್ಕೆ ಪಡೆದರು. ಆ ತಜ್ಞರು ಪ್ರಿನ್ಸ್‌ಟನ್ನಿನ ಎಚ್. ಪಿ. ರಾಬರ್ಟ್‌ಸನ್. ಅವರು ಸುಮ್ಮನಾಗಲಿಲ್ಲ. ವಿಮರ್ಶಕ ತಾನೇ ಎಂಬುದನ್ನು ಬಾಯಿಬಿಡದೆ, ಐನ್‌ಸ್ಟೈನರ ಸಹಾಯಕ ಇನ್‌ಫೆಲ್ಡ್ ಜೊತೆ ಮಾತಿಗಿಳಿದು ತಪ್ಪು ಎಲ್ಲಿದೆಯೆಂದು ತೋರಿಸಿಕೊಟ್ಟರು. 1937ರಲ್ಲಿ ಆ ಪೇಪರ್ ಬೇರೊಂದು ಜರ್ನಲ್‌ನಲ್ಲಿ ಬಂದಾಗ ತೀರ್ಮಾನವೇ ಬದಲಾಗಿತ್ತು. ಮುಂದೆ 2015ರಲ್ಲಿ ಲೈಗೋ ಪ್ರಯೋಗ ಗುರುತ್ವ ಅಲೆಗಳನ್ನು ನೇರವಾಗಿ ಪತ್ತೆಹಚ್ಚಿತು.

ನಿಮ್ಮ ಪೇಪರನ್ನು ನಿಜವಾಗಿ ಓದಿದವರು ನಾಲ್ಕು ಪುಟ ಬರೆದವರೇ ಎಂದು ನನಗನ್ನಿಸುತ್ತದೆ. ರಿವ್ಯೂವರ್‌ಗಳಿಗೆ ಸಾಮಾನ್ಯವಾಗಿ ಸಂಭಾವನೆ ಇರುವುದಿಲ್ಲ. ತಮ್ಮ ಪಾಠ, ಪ್ರಯೋಗಗಳ ನಡುವೆ ಬಿಡುವು ಮಾಡಿಕೊಂಡು ಓದುತ್ತಾರೆ. ಒಪ್ಪುವವರು ಸಿಗುವುದೂ ಕಷ್ಟ, ತಿಂಗಳುಗಳು ಕಳೆಯುವುದು ಅಲ್ಲೇ. ಇನ್ನು ಹೆಸರು ಮುಚ್ಚಿಡುವುದು, ಕಿರಿಯರು ಹಿರಿಯರ ತಪ್ಪನ್ನೂ ಅಂಜದೆ ಹೇಳಲಿ ಎಂದು. ಇದರ ಮರೆಯಲ್ಲಿ ಹೊಟ್ಟೆಕಿಚ್ಚು ತೀರಿಸಿಕೊಳ್ಳುವವರೂ ಇದ್ದಾರೆ. ಅಂಥದ್ದನ್ನು ತಡೆಯುವುದು ಸಂಪಾದಕರ ಕರ್ತವ್ಯ.

ಹಾಗೆಂದು ಪೀರ್ ರಿವ್ಯೂ, ಅಂದರೆ ಈ ತಜ್ಞರ ಪರಿಶೀಲನೆ, ಸತ್ಯದ ಪ್ರಮಾಣಪತ್ರವೂ ಅಲ್ಲ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆಯೆಂಬ ಭಯ ಹುಟ್ಟಿಸಿದ, 12 ಮಕ್ಕಳ ಕುರಿತ, ವೇಕ್‌ಫೀಲ್ಡ್ ಎಂಬ ವೈದ್ಯರ ಪೇಪರ್ 1998ರಲ್ಲಿ ಹೆಸರಾಂತ ವೈದ್ಯಕೀಯ ಜರ್ನಲ್ ‘ಲ್ಯಾನ್ಸೆಟ್’ನಲ್ಲೇ ಬಂತು. ಅದರಲ್ಲಿ ತಪ್ಪುಗಳಿವೆಯೆಂದು ಜರ್ನಲ್ ಅದನ್ನು ಹಿಂಪಡೆದದ್ದು 2010ರಲ್ಲಿ. ರಿವ್ಯೂವರ್ ತಮ್ಮ ಮುಂದಿಟ್ಟ ಬರಹವನ್ನು ಪರೀಕ್ಷಿಸುತ್ತಾರೆಯೇ ಹೊರತು ಆಸ್ಪತ್ರೆಗೆ ಹೋಗಿ ಕಡತ ಬಿಚ್ಚಿ ನೋಡುವುದಿಲ್ಲ.

ಆ ಇಮೇಲ್ ಬಗ್ಗೆ: ಶುಲ್ಕ ಕೇಳುವುದೇ ತಪ್ಪಲ್ಲ, ಒಳ್ಳೆಯ ಓಪನ್ ಆಕ್ಸೆಸ್ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದ) ಜರ್ನಲ್‌ಗಳೂ ಕೇಳುತ್ತವೆ. ಓದುವ ಮೊದಲೇ ಪ್ರಕಟಣೆಯ ಭರವಸೆ ಕೊಡುವುದು ತಪ್ಪು. 2013ರಲ್ಲಿ ‘ಸೈನ್ಸ್’ ಪತ್ರಿಕೆಗಾಗಿ ಜಾನ್ ಬೊಹಾನನ್ ಎಂಬ ಪತ್ರಕರ್ತ, ಎದ್ದುಕಾಣುವ ದೋಷಗಳಿದ್ದ ಸುಳ್ಳು ಪೇಪರನ್ನು ಬೇಕೆಂದೇ 304 ಓಪನ್ ಆಕ್ಸೆಸ್ ಜರ್ನಲ್‌ಗಳಿಗೆ ಕಳಿಸಿದರು. 157 ಜರ್ನಲ್‌ಗಳು ಒಪ್ಪಿಕೊಂಡವು! ಅಂಥಲ್ಲಿ ನಿಮ್ಮ ವರ್ಷಗಳ ದುಡಿಮೆ ಸೇರುವುದು ನನಗೆ ಸಂಕಟದ ವಿಷಯ. ಅಲ್ಲದೆ, ಈ ಜರ್ನಲ್‌ನಿಂದ ಹಿಂಪಡೆಯದೆ ಪೇಪರನ್ನು ಬೇರೆಡೆ ಕಳಿಸುವಂತೆಯೂ ಇಲ್ಲ.

ಒಂದು ವಾರ ಬಿಟ್ಟು ಕೂತುಕೊಳ್ಳಿ. ಪ್ರತಿಯೊಂದು ಆಕ್ಷೇಪಕ್ಕೂ ಸಂಖ್ಯೆ ಹಾಕಿ, ಅದರ ಕೆಳಗೇ ಏನು ತಿದ್ದಿದಿರಿ, ಯಾವ ಪುಟದಲ್ಲಿ ಎಂದು ಬರೆಯಿರಿ. ಒಪ್ಪದ ಮಾತಿದ್ದರೆ ಕಾರಣ ಸಹಿತ ಒಪ್ಪುವುದಿಲ್ಲ ಎನ್ನಿ, ಆ ಹಕ್ಕು ನಿಮಗಿದೆ. ಇಬ್ಬರ ಮಾತು ತಾಳೆಯಾಗದ ಕಡೆ ಯಾವುದನ್ನು ಪಾಲಿಸಲಿ ಎಂದು ಸಂಪಾದಕರನ್ನೇ ಕೇಳಿ. ಕೊಟ್ಟ ಗಡುವು ಸಾಲದಿದ್ದರೆ ಈಗಲೇ ಪತ್ರ ಬರೆದು ಹೆಚ್ಚಿನ ಸಮಯ ಕೇಳಿಕೊಳ್ಳಿ.

– ಸಂ.