ಅಮೆರಿಕದಲ್ಲಿ ಹಳ್ಳ, ಗುಡ್ಡಗಳಿಗೆ ಅವಮಾನದ ಹೆಸರಿದ್ದರೆ ಏನು ಮಾಡಬಹುದು

ಮನೆ ಹಿಂದೆ ಹರಿಯುವ ಹಳ್ಳದ ಹೆಸರಲ್ಲಿ 'ನೀಗ್ರೋ' ಎಂದಿದೆ, ಈಗಷ್ಟೇ ವೀಸಾ ಮೇಲೆ ಬಂದ ನಾವು ಇದರ ಬಗ್ಗೆ ಬಾಯಿ ತೆರೆಯಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ. ಮತದಾನ ಮಾತ್ರ ನಾಗರಿಕರದು. ಅರ್ಜಿ, ಪತ್ರ, ಕೌಂಟಿ (ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತ) ಸಭೆಯಲ್ಲಿ ಮಾತು, ಇವಕ್ಕೆ ಅಡ್ಡಿಯಿಲ್ಲ.

ಆ ಹೆಸರು ಬಹುಶಃ ಒಮ್ಮೆ ತಿದ್ದಿದ್ದೇ ಇರಬೇಕು. ಕಪ್ಪು ಜನರನ್ನು ಹೀಗಳೆಯುವ, ಇದಕ್ಕಿಂತ ಹೀನವಾದ ಪದವೊಂದು ನಕ್ಷೆಗಳಲ್ಲಿತ್ತು. 1963ರಲ್ಲಿ ಫೆಡರಲ್ ಸರ್ಕಾರ ಎಲ್ಲ ಕಡೆ ಅದನ್ನು ತೆಗೆದು 'ನೀಗ್ರೋ' ಎಂದು ಹಾಕಿತು. 1974ರಲ್ಲಿ ಜಪಾನೀಯರನ್ನು ಹೀಗಳೆಯುವ 'ಜಾಪ್' ಹೋಗಿ 'ಜಪಾನೀಸ್' ಬಂತು. ಸ್ಥಳೀಯರು ಬೇರೆ ಯಾವ ಹೆಸರು ಬಯಸುತ್ತಾರೆಂದು ವಿಚಾರಿಸದೆ ಒಂದೇ ಏಟಿಗೆ ಮಾಡಿದ್ದರಿಂದ ಇಂಥ ಅರ್ಧಂಬರ್ಧ ಹೆಸರುಗಳು ಇನ್ನೂ ನೂರಾರು ಉಳಿದಿವೆ.

ಮೊದಲು ಹೆಸರು ಯಾರ ಕೈಯಲ್ಲಿದೆ ನೋಡಿ. ಹಳ್ಳ, ಗುಡ್ಡ, ಕೆರೆಗಳದು 1890ರಲ್ಲಿ ಶುರುವಾದ ಫೆಡರಲ್ 'ಬೋರ್ಡ್ ಆನ್ ಜಿಯಾಗ್ರಫಿಕ್ ನೇಮ್ಸ್'ಗೆ ಸೇರಿದ್ದು. ರಸ್ತೆ, ಪಾರ್ಕುಗಳನ್ನು ಸಿಟಿ ಅಥವಾ ಕೌಂಟಿ ನೋಡಿಕೊಳ್ಳುತ್ತದೆ. ಅದೇ ಹೆಸರಿನ ರಸ್ತೆಯೂ ಇದ್ದರೆ ಎರಡು ಬೇರೆ ಅರ್ಜಿ ಬೇಕು. ರಸ್ತೆಗೆ ವಿರೋಧ ಜಾಸ್ತಿ, ಏಕೆಂದರೆ ನಿವಾಸಿಗಳು ಲೈಸೆನ್ಸ್, ಬ್ಯಾಂಕು, ವಿಮೆ ಎಲ್ಲೆಡೆ ವಿಳಾಸ ತಿದ್ದಿಸಬೇಕಾಗುತ್ತದೆ. ಹಳ್ಳಕ್ಕೆ ಆ ತಾಪತ್ರಯವಿಲ್ಲ, ಅಲ್ಲಿಂದ ಶುರುಮಾಡಿ. ಸ್ಥಳನಾಮಗಳನ್ನು ದಾಖಲಿಸುವ ಸರ್ಕಾರದ ಜಿಎನ್ಐಎಸ್ ದತ್ತಾಂಶದಲ್ಲಿ ಹಳ್ಳದ ಸಂಖ್ಯೆ, ಕೌಂಟಿ, ದಾಖಲಾದ ಹಳೆಯ ಹೆಸರುಗಳು ಸಿಗುತ್ತವೆ.

ಅರ್ಜಿಗಳು ಹೆಚ್ಚಾಗಿ ಮುಗ್ಗರಿಸುವುದು ಬದಲಿ ಹೆಸರಿನಲ್ಲಿ. 'ಇದು ಬೇಡ' ಎಂದಷ್ಟೇ ಬರೆದರೆ ಆಗದು, ಹೊಸದನ್ನು ನೀವೇ ಸೂಚಿಸಬೇಕು. ಬದುಕಿರುವವರ ಹೆಸರು ನಡೆಯುವುದಿಲ್ಲ. ತೀರಿಕೊಂಡು ಐದು ವರ್ಷವಾಗಿರಬೇಕು, ಆ ಜಾಗದ ನಂಟಿರಬೇಕು. ಫೀನಿಕ್ಸ್‌ನ 'ಸ್ಕ್ವಾ ಪೀಕ್' ಗುಡ್ಡಕ್ಕೆ ('ಸ್ಕ್ವಾ' ಎಂದರೆ ಮೂಲನಿವಾಸಿ ಹೆಂಗಸರನ್ನು ಹೀಗಳೆಯುವ ಪದ) 2003ರಲ್ಲಿ ಇರಾಕಿನಲ್ಲಿ ಮಡಿದ ಹೋಪಿ ಬುಡಕಟ್ಟಿನ ಯೋಧೆ ಲೋರಿ ಪಿಯೆಸ್ಟೆವಾ ಹೆಸರನ್ನು ಅರಿಜೋನಾ ಅದೇ ವರ್ಷ ಇಟ್ಟಿತು; ಫೆಡರಲ್ ನಕ್ಷೆಗೆ ಅದು ಬಂದದ್ದು ಐದು ವರ್ಷ ತುಂಬಿದ ಮೇಲೆ, 2008ರಲ್ಲಿ. ಒಳ್ಳೆಯ ಹೆಸರೂ ನೋಯಿಸಬಹುದು. 1864ರಲ್ಲಿ ಶಯೆನ್, ಅರಪಾಹೊ ಬುಡಕಟ್ಟಿನವರನ್ನು ಸೈನಿಕರು ಕೊಂದ ಸ್ಯಾಂಡ್ ಕ್ರೀಕ್ ಹತ್ಯಾಕಾಂಡದ ಕಾಲದ ಗವರ್ನರ್ ಹೆಸರಿದ್ದ ಕೊಲೊರಾಡೊದ ಮೌಂಟ್ ಇವಾನ್ಸ್‌ಗೆ 'ಬ್ಲೂ ಸ್ಕೈ' ಸೂಚಿಸಿದಾಗ, ಅದು ತಮ್ಮ ಪವಿತ್ರ ಆಚರಣೆಗೆ ಸೇರಿದ ಮಾತೆಂದು ನಾರ್ದರ್ನ್ ಶಯೆನ್ ಬುಡಕಟ್ಟು ಆಕ್ಷೇಪಿಸಿತು. ಮತ್ತೆ ಸಮಾಲೋಚನೆ ನಡೆದು, 2023ರ ಸೆಪ್ಟೆಂಬರಿನಲ್ಲಿ ಆ ಹೆಸರೇ ಅಂತಿಮವಾಯಿತು. ಹಾಗಾಗಿ ಹೆಸರನ್ನು ನೀವೊಬ್ಬರೇ ಕೂತು ಆರಿಸಬೇಡಿ. ಸುತ್ತಲಿನ ಕಪ್ಪು ಕುಟುಂಬಗಳನ್ನು, ಅವರ ಚರ್ಚನ್ನು ಮೊದಲು ಕೇಳಿ. ಅಲ್ಲಿ ಹಿಂದೆ ನೆಲೆಸಿದ್ದ ಕಪ್ಪು ರೈತನ ಹೆಸರು ದಾಖಲೆಯಲ್ಲಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಅರ್ಜಿ ಹೋದಮೇಲೆ ಬೋರ್ಡು ರಾಜ್ಯದ ಹೆಸರು ಸಮಿತಿ, ಕೌಂಟಿ, ಬುಡಕಟ್ಟು ಸರ್ಕಾರಗಳ ಅಭಿಪ್ರಾಯ ಕೇಳುತ್ತದೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ವರ್ಷಗಳೂ ಆಗಬಹುದು. ಟೆಕ್ಸಾಸ್ ಶಾಸನಸಭೆ 1991ರಲ್ಲೇ 'ನೀಗ್ರೋ' ಹೆಸರುಗಳನ್ನು ಬದಲಿಸಲು ಹೊರಟರೂ ಸ್ಥಳೀಯ ಬೆಂಬಲ ಸಾಲದೆಂದು ಬೋರ್ಡು ಒಪ್ಪಲಿಲ್ಲ; ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ. 'ಸ್ಕ್ವಾ' ಪದ ಬೇಗ ಹೋಯಿತಲ್ಲ ಎನ್ನಬಹುದು: ಫೆಡರಲ್ ಆಂತರಿಕ ಇಲಾಖೆಯ ಆಗಿನ ಕಾರ್ಯದರ್ಶಿ ಡೆಬ್ ಹಾಲಂಡ್ 2021ರ ನವೆಂಬರಿನಲ್ಲಿ ಆದೇಶಿಸಿ, ಮುಂದಿನ ಸೆಪ್ಟೆಂಬರಿಗೆ ಸುಮಾರು 650 ಹೆಸರು ಬದಲಾದವು. ಆ ಆದೇಶ ಆ ಒಂದು ಪದಕ್ಕೆ ಮಾತ್ರ.

'ಇತಿಹಾಸ ಅಳಿಸುತ್ತೀರಿ' ಎಂದು ಯಾರಾದರೂ ಎದ್ದೇಳುತ್ತಾರೆ. ಹಳೆಯ ಹೆಸರು ದತ್ತಾಂಶದಲ್ಲಿ ಉಳಿಯುತ್ತದೆ ಎಂದು ಶಾಂತವಾಗಿ ಹೇಳಿ. ಟೆಕ್ಸಾಸಿನಲ್ಲಿ ಕೆಲಸ ಕೆಟ್ಟದ್ದು ಸ್ಥಳೀಯ ಬೆಂಬಲದ ಕೊರತೆಯಿಂದ, ಆದ್ದರಿಂದ ಚರ್ಚಿನ, ಸ್ಥಳೀಯ ಇತಿಹಾಸ ಸಂಘದ, ಹಳ್ಳದ ದಂಡೆಯ ಜಮೀನುದಾರರ ಪತ್ರಗಳನ್ನು ಕೌಂಟಿ ಕೇಳುವ ಮೊದಲೇ ಕೂಡಿಸಿಟ್ಟುಕೊಳ್ಳಿ.