ಬ್ಯಾಟರಿ ಸೆನ್ಸರ್‌ಗಳ ಜಾಲಕ್ಕೆ ಓಎಸ್‌ಪಿಎಫ್ ಬಿಟ್ಟು ಆರ್‌ಪಿಎಲ್ ಯಾಕೆ?

ಎರಡೂ ರೂಟಿಂಗ್ ಪ್ರೋಟೋಕಾಲ್‌ಗಳು, ಅಂದರೆ ಪ್ಯಾಕೆಟ್‌ಗಳು ಯಾವ ದಾರಿಯಲ್ಲಿ ಹೋಗಬೇಕೆಂದು ತೀರ್ಮಾನಿಸುವ ನಿಯಮಗಳು. ಓಎಸ್‌ಪಿಎಫ್ ರೂಟರ್‌ಗಳು ಈಥರ್ನೆಟ್‌ನಲ್ಲಿ ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ನೆರೆಯ ರೂಟರ್‌ಗಳಿಗೆ 'ನಾನಿದ್ದೇನೆ' ಎನ್ನುವ ಹಲೋ ಸಂದೇಶ ಕಳಿಸುತ್ತವೆ. ಬ್ಯಾಟರಿಯಲ್ಲಿ ವರ್ಷಗಟ್ಟಲೆ ನಡೆಯಬೇಕಾದ ಸೆನ್ಸರ್‌ಗೆ ಇದು ಆಗದ ಮಾತು. ರೇಡಿಯೋ ಆನ್ ಇದ್ದಷ್ಟೂ ಚಾರ್ಜ್ ಖಾಲಿ. ಅದಕ್ಕೇ ಇಂಟರ್ನೆಟ್ ಮಾನದಂಡಗಳನ್ನು ರೂಪಿಸುವ ಐಇಟಿಎಫ್ 2012ರಲ್ಲಿ ಆರ್‌ಪಿಎಲ್ ತಂದಿತು (ಅದರ ಮಾನದಂಡ ದಾಖಲೆ ಆರ್‌ಎಫ್‌ಸಿ 6550).

ಆರ್‌ಪಿಎಲ್‌ನಲ್ಲಿ ಜಾಲ ಮರದಂತೆ; ಸೆನ್ಸರ್‌ಗಳನ್ನು ಹೊರಜಾಲಕ್ಕೆ ಜೋಡಿಸುವ ಗೇಟ್‌ವೇಯೇ ಅದರ ಬೇರು. ಪ್ರತಿ ನೋಡ್ (ಜಾಲದಲ್ಲಿನ ಸಾಧನ) ಬೇರಿನಿಂದ ತಾನೆಷ್ಟು ದೂರ ಎಂಬ ರ‍್ಯಾಂಕ್ ಲೆಕ್ಕ ಹಾಕಿ, ತನಗಿಂತ ಕಡಿಮೆ ರ‍್ಯಾಂಕಿನ ನೆರೆಯ ನೋಡನ್ನು ಪೇರೆಂಟ್ ಮಾಡಿಕೊಳ್ಳುತ್ತದೆ, ಅಂದರೆ ಬೇರಿನತ್ತ ಹೋಗುವ ಪ್ಯಾಕೆಟ್‌ಗಳನ್ನು ಅದಕ್ಕೆ ಕೊಡುತ್ತದೆ. ದೂರ ಅಂದರೆ ಹಾಪ್ (ಒಂದು ನೋಡಿನಿಂದ ಮುಂದಿನದಕ್ಕೆ ಒಂದು ಜಿಗಿತ) ಎಣಿಕೆಯೇ ಆಗಬೇಕಿಲ್ಲ. ಒಂದು ಪ್ಯಾಕೆಟ್ ತಲುಪಿಸಲು ಸರಾಸರಿ ಎಷ್ಟು ಸಲ ಕಳಿಸಬೇಕು ಎಂಬ ಇಟಿಎಕ್ಸ್ ಬಳಸುವುದೇ ಒಳ್ಳೆಯದು.

ನನಗೆ ತುಂಬಾ ಹಿಡಿಸುವುದು ಟ್ರಿಕಲ್ ಟೈಮರ್. ಜಾಲ ಶಾಂತವಾಗಿದ್ದರೆ ನಿಯಂತ್ರಣ ಸಂದೇಶಗಳ ಅಂತರ ದುಪ್ಪಟ್ಟಾಗುತ್ತಾ ಹೋಗುತ್ತದೆ: ಡೀಫಾಲ್ಟ್ ಲೆಕ್ಕದಲ್ಲಿ 8 ಮಿಲಿಸೆಕೆಂಡಿನಿಂದ ಸುಮಾರು 2.3 ಗಂಟೆಯವರೆಗೆ. ಲೂಪ್‌ನಂಥ (ಪ್ಯಾಕೆಟ್ ಸುತ್ತುತ್ತಲೇ ಇರುವ) ಗೊಂದಲ ಕಂಡೊಡನೆ ಮತ್ತೆ 8 ಮಿಲಿಸೆಕೆಂಡಿಗೆ ಇಳಿಯುತ್ತದೆ.